ಹಳೇ ಪ್ಯಾಡ್ ಎಸೆಯುವ ಮೊದಲು

(ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದಲ್ಲಿ ಬೈಕ್ ಸವಾರರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಓರಣ ಮಾಡಿದ್ದೇನೆ. ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಬ್ರೇಕ್ ಪ್ಯಾಡ್ ಕೊಳ್ಳಲು ಅಂಗಡಿಗೆ ಬರುವವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಒಳ್ಳೇದು ಯಾವುದಿದೆ ಕೊಡಿ" ಅನ್ನುತ್ತಾರೆ, ಇಲ್ಲವೇ "ಕಮ್ಮೀದು ಯಾವುದಿದೆ ಕೊಡಿ" ಅನ್ನುತ್ತಾರೆ. ಇಬ್ಬರಿಗೂ ನನ್ನ ಮರುಪ್ರಶ್ನೆ ಒಂದೇ. ಹಳೇ ಪ್ಯಾಡ್ ತಂದಿದ್ದೀರಾ? ಹೆಚ್ಚಿನವರು ತಂದಿರುವುದಿಲ್ಲ. ಗ್ಯಾರೇಜಿನವರು ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಹೊಸದು ಯಾವುದು ಬೇಕು ಅಂತ ಹೇಳಬೇಕಾದದ್ದೇ ಆ ಹಳೇದು. ಅದಕ್ಕೇ ಇವತ್ತು ಕಂಪನಿಗಳ ಹೆಸರು ಹೇಳಿ ಯಾವುದು ಮೇಲು, ಯಾವುದು ಕೀಳು ಅನ್ನುವ ಪಟ್ಟಿ ಕೊಡುವುದಿಲ್ಲ. ಬ್ರೇಕಿನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಆಮೇಲೆ ಈ ಮೇಜಿನ ಮೇಲಿರುವ ಸವೆದ ಪ್ಯಾಡುಗಳನ್ನು ನೋಡೋಣ.

ಮೊದಲು ಬಿಸಿಯ ಮಾತು. ಬ್ರೇಕ್ ಬೈಕನ್ನು ನಿಲ್ಲಿಸುತ್ತದೆ ಅಂತೀವಿ. ಅದು ನಿಜವಾಗಿ ಮಾಡುವುದು ಬೈಕಿನ ಓಟವನ್ನು ಬಿಸಿಯಾಗಿ ಬದಲಿಸುವ ಕೆಲಸ. ಒಂದು ಲೆಕ್ಕ ಹಾಕೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕ 195 ಕೆಜಿ. ಮೇಲೆ ಇಬ್ಬರು ಕೂತರೆ ಇನ್ನೊಂದು 140 ಸೇರಿಸಿ. ಒಟ್ಟು 335 ಕೆಜಿ. ಇದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಬ್ರೇಕ್ ಹಿಡಿದು ನಿಲ್ಲಿಸಿದರೆ ಹುಟ್ಟುವ ಬಿಸಿ ಸುಮಾರು 83 ಕಿಲೋಜೌಲ್. ಒಂದು ದೊಡ್ಡ ಲೋಟ ತಣ್ಣೀರನ್ನು, ಅಂದರೆ ಕಾಲು ಲೀಟರನ್ನು, ಕುದಿ ಬರಿಸಲು ಬೇಕಾದಷ್ಟು. ಇಷ್ಟೂ ಬಿಸಿ ಮೂರು ನಾಲ್ಕು ಸೆಕೆಂಡಿನಲ್ಲಿ ಹುಟ್ಟುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಡಿಸ್ಕಿಗೆ, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಉಜ್ಜುವ ಲೋಹದ ತಟ್ಟೆಗೆ, ಹೋಗುತ್ತದೆ, ಯಾಕೆಂದರೆ ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಕ್ಕೆ ವಾಲುತ್ತದೆ. ಡಿಸ್ಕ್ ಒಂದೂಕಾಲು ಕೆಜಿ ತೂಗುತ್ತದೆ ಅಂದುಕೊಂಡರೆ, ಒಂದೇ ಸಲ ನಿಲ್ಲಿಸಿದ್ದಕ್ಕೆ ಅದರ ಬಿಸಿ ನೂರು ಡಿಗ್ರಿಯ ಆಸುಪಾಸು ಏರುತ್ತದೆ.

ವೇಗ ಅರ್ಧಕ್ಕೆ ಇಳಿದರೆ ಬಿಸಿ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. 40ರ ವೇಗದಲ್ಲಿ ಊರೊಳಗೆ ಓಡಾಡುವವರ ಪ್ಯಾಡ್ ಬೇರೆ ಲೋಕದಲ್ಲಿ ಬದುಕುತ್ತದೆ, ಹೆದ್ದಾರಿಯಲ್ಲಿ ಓಡುವವರದ್ದು ಬೇರೆ ಲೋಕದಲ್ಲಿ. ಇಬ್ಬರಿಗೂ ಒಂದೇ ಪ್ಯಾಡ್ "ಒಳ್ಳೇದು" ಆಗಬೇಕಿಲ್ಲ.

ಈಗ ಆಗುಂಬೆ ಘಾಟಿ ಇಳಿಯೋಣ. ಹದಿನಾಲ್ಕು ತಿರುವು. ಮೇಲಿನಿಂದ ಸೋಮೇಶ್ವರದವರೆಗೆ ಐನೂರು ಮೀಟರ್ ಇಳಿತ ಅಂತ ಲೆಕ್ಕ ಹಿಡಿಯಿರಿ. ಅದೇ 335 ಕೆಜಿ ಅಷ್ಟು ಕೆಳಗೆ ಬರುವಾಗ ಕಳೆಯಬೇಕಾದ ಶಕ್ತಿ 80ರ ವೇಗದಿಂದ ಇಪ್ಪತ್ತು ಸಲ ನಿಂತದ್ದಕ್ಕೆ ಸಮ. ಅದೂ ಮಧ್ಯೆ ತಣಿಯಲು ಸರಿಯಾದ ಬಿಡುವಿಲ್ಲದೆ. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವವರ ಗಾಡಿಯಲ್ಲಿ ಗಾಳಿ ಕಳೆಯುವ ಚೂರು ಬಿಟ್ಟರೆ ಪೂರ್ತಿ ಹೊರೆ ಪ್ಯಾಡಿನ ಮೇಲೆ. ಉಳಿದ ಪೆಟ್ರೋಲಿನ ಬೆಲೆ ಎಷ್ಟು, ಪ್ಯಾಡಿನ ಬೆಲೆ ಎಷ್ಟು, ಮೂಳೆ ಡಾಕ್ಟರ ಫೀಸ್ ಎಷ್ಟು, ನೀವೇ ಕೂಡಿಸಿ.

ಪ್ಯಾಡ್ ಅಂದರೆ ಒಂದು ಕಬ್ಬಿಣದ ತಗಡು, ಅದರ ಮೇಲೆ ಕೂರಿಸಿದ ಉಜ್ಜುವ ಪದರ. ಎಲ್ಲ ವ್ಯತ್ಯಾಸವೂ ಆ ಪದರದಲ್ಲಿದೆ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಆರ್ಗ್ಯಾನಿಕ್. ಹೆಸರು ಕೇಳಿ ತರಕಾರಿ ನೆನಪಾಗಬಹುದು, ಬಿಡಿ. ನಾರು, ರಬ್ಬರಿನ ಪುಡಿ, ಖನಿಜದ ಪುಡಿ ಇವನ್ನೆಲ್ಲ ರೆಸಿನ್ ಅನ್ನುವ ಅಂಟಿನಲ್ಲಿ ಕಲಸಿ, ಒತ್ತಿ, ಬೇಯಿಸಿ ಮಾಡಿದ್ದು. ಇದರ ವಂಶ ಹಳೆಯದು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಫೆರೋಡೊ ಕಂಪನಿ ಶುರು ಮಾಡಿದ್ದು ಕುದುರೆ ಗಾಡಿಗಳಿಗೆ ಬ್ರೇಕಿನ ಪಟ್ಟಿ ಮಾಡಿಕೊಡುವುದಕ್ಕೆ. ಮುಂದೆ ದಶಕಗಟ್ಟಲೆ ಜಗತ್ತಿನ ಎಲ್ಲ ಕಡೆ ಆ ಪಟ್ಟಿಗಳಲ್ಲಿ ಕಲ್ನಾರು ತುಂಬಿತು. ಬಿಸಿಗೆ ಜಗ್ಗದ, ಅಗ್ಗದ ನಾರು ಅದು. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ. ಈಗಿನ ಒಳ್ಳೆಯ ಪ್ಯಾಡುಗಳ ಡಬ್ಬಿಯ ಮೇಲೆ ಕಲ್ನಾರು ಇಲ್ಲ ಅಂತ ಬರೆದಿರುತ್ತದೆ. ಕಂಪನಿಯ ಹೆಸರೇ ಇಲ್ಲದ, ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ ಪ್ಯಾಡಿನಲ್ಲಿ ಏನಿದೆ ಅಂತ ಯಾರೂ ಹೇಳಲಾರರು. ನಿಮ್ಮ ಮೆಕ್ಯಾನಿಕ್ ಕ್ಯಾಲಿಪರಿಗೆ, ಅಂದರೆ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗಕ್ಕೆ, ಗಾಳಿ ಹೊಡೆದು ಧೂಳು ಹಾರಿಸುವಾಗ ಪಕ್ಕದಲ್ಲಿ ನಿಲ್ಲಬೇಡಿ. ಅವರಿಗೂ ಹೇಳಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂತ.

ಆರ್ಗ್ಯಾನಿಕ್ ಪ್ಯಾಡಿನ ಗುಣ ಹೇಳಬೇಕೆಂದರೆ, ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ. ಸದ್ದು ಕಮ್ಮಿ. ಲಿವರ್ ಎಷ್ಟು ಒತ್ತಿದರೆ ಅಷ್ಟು ಹಿಡಿತ, ಗಾಬರಿ ಹುಟ್ಟಿಸುವುದಿಲ್ಲ. ಡಿಸ್ಕನ್ನು ತಿನ್ನುವುದಿಲ್ಲ. ತಾನೇ ಬೇಗ ಸವೆಯುತ್ತದೆ. ದೊಡ್ಡ ದೋಷ ಏನೆಂದರೆ ಆ ಅಂಟು. ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಅದು ಕೆಡಲು ಶುರುವಾಗುತ್ತದೆ. ಹೊಗೆಯಂಥ ಅನಿಲ ಬಿಟ್ಟು ಪ್ಯಾಡಿಗೂ ಡಿಸ್ಕಿಗೂ ನಡುವೆ ತೆಳುವಾದ ಪೊರೆ ಕಟ್ಟುತ್ತದೆ. ಲಿವರ್ ಗಟ್ಟಿಯಾಗೇ ಇರುತ್ತದೆ, ಬೈಕ್ ನಿಲ್ಲುವುದಿಲ್ಲ. ಇದನ್ನೇ ಫೇಡ್ ಅನ್ನುತ್ತಾರೆ.

ಮೂರನೆಯದನ್ನು ಮೊದಲು ಹೇಳಿಬಿಡುತ್ತೇನೆ. ಸಿಂಟರ್ಡ್. ತಾಮ್ರವೇ ಹೆಚ್ಚಾಗಿರುವ ಲೋಹದ ಪುಡಿಗಳನ್ನು ಒತ್ತಿ, ಪೂರ್ತಿ ಕರಗದ ಹಾಗೆ ಕಾಯಿಸಿ, ಒಂದಕ್ಕೊಂದು ಬೆಸೆದು ಮಾಡುವ ಪ್ಯಾಡ್. ಅಂಟೇ ಇಲ್ಲ, ಹಾಗಾಗಿ ಕೆಡುವ ಅಂಟೂ ಇಲ್ಲ. ವಿಮಾನದ ಬ್ರೇಕುಗಳಲ್ಲಿ ಇದು ಮೊದಲೇ ಇತ್ತು. ಬೈಕಿಗೆ ಯಾಕೆ ಬಂತು ಅನ್ನುವುದರ ಹಿಂದೆ ಮಳೆಯ ಕಥೆ ಇದೆ. ಮಲೆನಾಡಿನವರಾದ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

1969ರಲ್ಲಿ ಹೋಂಡಾ ಸಿಬಿ 750 ಬಂತು. ಮುಂದಿನ ಚಕ್ರಕ್ಕೆ ಹೈಡ್ರಾಲಿಕ್, ಅಂದರೆ ಆಯಿಲಿನ ಒತ್ತಡದಿಂದ ಹಿಡಿಯುವ, ಡಿಸ್ಕ್ ಬ್ರೇಕ್ ಹಾಕಿ ದೊಡ್ಡ ಸಂಖ್ಯೆಯಲ್ಲಿ ಮಾರಿದ ಬೈಕ್ ಅದು. ಆಮೇಲೆ ಎಲ್ಲ ಜಪಾನಿ ಕಂಪನಿಗಳೂ ಅದೇ ದಾರಿ ಹಿಡಿದವು. ಕಾರಿನ ಡಿಸ್ಕ್ ಬೀಡು ಕಬ್ಬಿಣದ್ದು. ಚಕ್ರದ ಒಳಗೆ ಅವಿತಿರುವುದರಿಂದ ತುಕ್ಕು ಹಿಡಿದರೂ ಯಾರಿಗೂ ಕಾಣುವುದಿಲ್ಲ. ಬೈಕಿನ ಡಿಸ್ಕ್ ಎದುರಿಗೇ ಕಾಣುತ್ತದೆ. ಅಂದ ಕೆಡಬಾರದು ಅಂತ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರು. ಅದು ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ಮಳೆಯಲ್ಲಿ ಆಗಿನ ಪ್ಯಾಡುಗಳು ಆ ನುಣುಪು ಸ್ಟೀಲಿನ ಮೇಲೆ ಜಾರಿದವು. ಲಿವರ್ ಒತ್ತಿದ ಮೇಲೆ ನೀರು ಒರೆಸಿಹೋಗುವವರೆಗೆ ಬ್ರೇಕೇ ಇಲ್ಲ! ಆಮೇಲೆ ಇದ್ದಕ್ಕಿದ್ದಂತೆ ಪೂರ್ತಿ ಹಿಡಿಯುವುದು. 1970ರ ದಶಕದ ಬೈಕುಗಳ ಬಗ್ಗೆ ಇದು ದೊಡ್ಡ ದೂರಾಗಿತ್ತು. ಇದಕ್ಕೆ ಸಿಕ್ಕ ಪರಿಹಾರ ಎರಡು. ಡಿಸ್ಕಿನಲ್ಲಿ ತೂತು ಕೊರೆದರು. ಪ್ಯಾಡನ್ನು ಲೋಹದ್ದಾಗಿ ಮಾಡಿದರು. ಇವತ್ತು ನಿಮ್ಮ ಡಿಸ್ಕಿನಲ್ಲಿ ಕಾಣುವ ತೂತುಗಳು ಬರೀ ಚೆಂದಕ್ಕಲ್ಲ.

ನಮ್ಮಲ್ಲಿ ಡಿಸ್ಕ್ ಮಾಮೂಲಿಯಾದದ್ದು ಬಹಳ ತಡವಾಗಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅದರ ಯೆಜ್ಡಿ ಬೈಕ್ ಹಳೇ ಬಗೆಯ ಡ್ರಮ್ ಬ್ರೇಕಿನಲ್ಲೇ ಓಡಿತು. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್, ಅದರ ಬೆನ್ನಿಗೇ ಪಲ್ಸರ್ ಬಂದ ಮೇಲೆ ಹುಡುಗರು ಡಿಸ್ಕ್ ಬೇಕು ಅಂತ ಕೇಳಲು ಶುರು ಮಾಡಿದರು.

ಸಿಂಟರ್ಡ್ ಪ್ಯಾಡ್ ಒದ್ದೆಯಲ್ಲೂ ಹಿಡಿಯುತ್ತದೆ, ಐನೂರು ಡಿಗ್ರಿ ಬಿಸಿಯಲ್ಲೂ ಹಿಡಿಯುತ್ತದೆ, ಜಾಸ್ತಿ ಬಾಳಿಕೆ ಬರುತ್ತದೆ. ಹಾಗಾದರೆ ಎಲ್ಲರೂ ಅದನ್ನೇ ಹಾಕಬಹುದಲ್ವಾ? ನಿಧಾನ. ಅದು ಗಟ್ಟಿ, ಹಾಗಾಗಿ ಡಿಸ್ಕನ್ನು ಸವೆಸುತ್ತದೆ. ಪ್ಯಾಡಿನ ಬೆಲೆಗೂ ಡಿಸ್ಕಿನ ಬೆಲೆಗೂ ಎಷ್ಟೋ ಪಟ್ಟು ಅಂತರ. ನಿಮ್ಮ ಡಿಸ್ಕ್ ಆ ಪ್ಯಾಡಿಗೆ ತಕ್ಕ ಗಟ್ಟಿ ಸ್ಟೀಲಿನದ್ದಾಗಿರಬೇಕು. ಹಳೆಯ ಬೈಕಿಗೆ ಬೀಡು ಕಬ್ಬಿಣದ ಡಿಸ್ಕ್ ಇದ್ದರೆ ಇದನ್ನು ಹತ್ತಿರವೂ ತರಬೇಡಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ತಾಮ್ರ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ. ಡಿಸ್ಕಿನ ಬಿಸಿ ಪ್ಯಾಡಿನ ಮೂಲಕ ಅದನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಹೋಗುತ್ತದೆ. ಆಯಿಲ್ ಹಳೆಯದಾಗಿದ್ದರೆ ಗ್ರಹಚಾರ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ಸೆಮಿ ಮೆಟಾಲಿಕ್. ಅಂಟಿನ ಪ್ಯಾಡಿನಲ್ಲೇ ಲೋಹದ ಚೂರು, ನಾರು ಸೇರಿಸಿದ್ದು. ಗುಣವೂ ಇವೆರಡರ ನಡುವೆ. ಸೆರಾಮಿಕ್ ಅಂತ ಬರೆದದ್ದೂ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಬೈಕ್ ಪ್ಯಾಡುಗಳ ಮಟ್ಟಿಗೆ ಆ ಮಾತಿಗೆ ಒಂದು ಖಚಿತ ಅರ್ಥ ಇಲ್ಲ. ಡಬ್ಬಿಯ ಮೇಲಿನ ಬಣ್ಣ ಅಂತ ತಿಳಿಯಿರಿ.

ಪ್ಯಾಡಿನ ಹಿಂಬದಿ ತಗಡಿನ ಮೇಲೆ ಕೆಲವೊಮ್ಮೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ. ಇದು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ866 ಅನ್ನುವ ಗುರುತಿನ ಪದ್ಧತಿ. ಪ್ಯಾಡಿನ ಪದರದಿಂದ ಒಂದು ಚದರ ಇಂಚಿನ ತುಂಡು ಕತ್ತರಿಸಿ, ತಿರುಗುವ ಡ್ರಮ್ಮಿನ ಮೇಲೆ ಉಜ್ಜಿ ಘರ್ಷಣೆ ಅಳೆಯುತ್ತಾರೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ ಅಂತ ಹೇಳುತ್ತದೆ. ಎರಡನೆಯದು ಹೆಚ್ಚು ಬಿಸಿಯಾದಾಗಿನ ಹಿಡಿತ. ಎಫ್ ಅಂದರೆ 0.35ರಿಂದ 0.45. ಜಿ ಅಂದರೆ 0.45ರಿಂದ 0.55. ಎಚ್ ಅಂದರೆ 0.55ಕ್ಕಿಂತ ಮೇಲೆ. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾದರೆ, ಬಿಸಿಯಲ್ಲಿ ಆ ಪ್ಯಾಡ್ ಸೋಲುತ್ತದೆ ಅಂತ ಅರ್ಥ. ಘಾಟಿ ಇಳಿಯುವವರು ನೋಡಬೇಕಾದ ಅಕ್ಷರ ಅದು.

ಎಚ್‌ಎಚ್ ಅಂದರೆ ಸಿಂಟರ್ಡ್ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಸಿಂಟರ್ಡ್ ಪ್ಯಾಡುಗಳಲ್ಲಿ ಎಚ್‌ಎಚ್ ಹೆಚ್ಚು, ಅಷ್ಟೇ. ಆ ಅಕ್ಷರಗಳು ಬಾಳಿಕೆ ಎಷ್ಟು ಅಂತ ಹೇಳುವುದಿಲ್ಲ, ಮಳೆಯಲ್ಲಿ ಹೇಗೆ ಅಂತ ಹೇಳುವುದಿಲ್ಲ, ಡಿಸ್ಕ್ ತಿನ್ನುತ್ತದೋ ಇಲ್ಲವೋ ಅಂತಲೂ ಹೇಳುವುದಿಲ್ಲ. 0.54 ಇರುವ ಪ್ಯಾಡಿಗೆ ಜಿ, 0.56 ಇರುವುದಕ್ಕೆ ಎಚ್. ನಿಮ್ಮ ಬೆರಳಿಗೆ ಆ ವ್ಯತ್ಯಾಸ ಗೊತ್ತೇ ಆಗಲಿಕ್ಕಿಲ್ಲ.

ಈಗ ಮೇಜಿನ ಹತ್ತಿರ ಬನ್ನಿ. ಕೈಯಲ್ಲಿ ಹಿಡಿದು ನೋಡಿ, ಪರವಾಗಿಲ್ಲ, ಒರೆಸಿಟ್ಟಿದ್ದೇನೆ.

ಈ ಜೊತೆ ನೋಡಿ. ಒಂದು ಪ್ಯಾಡ್ ಪೂರ್ತಿ ತಗಡಿನವರೆಗೆ ಸವೆದಿದೆ, ಇನ್ನೊಂದರಲ್ಲಿ ಇನ್ನೂ ಅರ್ಧ ಉಳಿದಿದೆ. ಇವರು ಬಂದು "ಪ್ಯಾಡ್ ಸರಿ ಇಲ್ಲ, ಬೇರೆ ಕಂಪನಿದು ಕೊಡಿ" ಅಂದರು. ಪ್ಯಾಡಿನದ್ದು ಏನೂ ತಪ್ಪಿಲ್ಲ. ನಮ್ಮ ಹೆಚ್ಚಿನ ಬೈಕುಗಳ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರುವಂಥದ್ದು. ಪಿಸ್ಟನ್ ಒಂದು ಕಡೆ ಮಾತ್ರ ಇರುತ್ತದೆ. ಅದು ಒಂದು ಪ್ಯಾಡನ್ನು ತಳ್ಳಿದಾಗ ಕ್ಯಾಲಿಪರೇ ಜಾರಿ ಇನ್ನೊಂದನ್ನು ಎಳೆಯಬೇಕು. ಪಿನ್ ತುಕ್ಕು ಹಿಡಿದು ಕೂತುಬಿಟ್ಟರೆ ಒಂದೇ ಪ್ಯಾಡ್ ದುಡಿಯುತ್ತದೆ. ಇಂಥ ಬೈಕಿಗೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಮೂರು ತಿಂಗಳಲ್ಲಿ ಮತ್ತೆ ಇದೇ ಗತಿ. ಪಿನ್ ಬಿಚ್ಚಿ, ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ಒಳಗಿನ ರಬ್ಬರ್ ಊದಿಕೊಂಡು ಇನ್ನೂ ಬಿಗಿಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಬೈಕುಗಳಲ್ಲಿ ಈ ಕಾಯಿಲೆ ಜಾಸ್ತಿ. ಉಪ್ಪು ಗಾಳಿ. ಅಲ್ಲಿ ಇನ್ನೊಂದು ತೊಂದರೆಯೂ ಇದೆ. ತಗಡು ತುಕ್ಕು ಹಿಡಿದು, ಆ ತುಕ್ಕು ಉಜ್ಜುವ ಪದರದ ಅಡಿಗೆ ನುಗ್ಗಿ ಪದರವನ್ನೇ ಎಬ್ಬಿಸಿಬಿಡುತ್ತದೆ. ಕರಾವಳಿಯವರು ಪದರದ ದಪ್ಪ ನೋಡಿದರೆ ಸಾಲದು, ಅಂಚನ್ನೂ ನೋಡಬೇಕು.

ಈ ಎರಡನೇ ಜೊತೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಉಗುರಲ್ಲಿ ಕೆರೆದರೆ ಜಾರುತ್ತದೆ. ಮೇಲ್ಪದರದ ಅಂಟು ಬೆಂದು ಗಾಜಿನಂತೆ ಗಟ್ಟಿಯಾಗಿದೆ. ಇದು ಹಿಂದಿನ ಬ್ರೇಕಿನದ್ದು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಪ್ಯಾಡ್. ಇಲ್ಲಿ ಒಂದು ಮಾತು ಹೇಳಲೇಬೇಕು. "ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀಯ" ಅಂತ ನಮಗೆಲ್ಲ ಬೈಕ್ ಕಲಿಸುವಾಗ ಹೇಳಿರುತ್ತಾರೆ. ಹಾಗೆ ಕಲಿತವರ ಬೈಕಿನಲ್ಲಿ ಹಿಂದಿನ ಪ್ಯಾಡ್ ಎರಡು ಸಲ ಬದಲಾಗಿರುತ್ತದೆ, ಮುಂದಿನದು ಶೋರೂಮಿನಿಂದ ಬಂದ ಹಾಗೇ ಇರುತ್ತದೆ. ಮುಕ್ಕಾಲು ಪಾಲು ನಿಲ್ಲಿಸುವ ಶಕ್ತಿಯನ್ನು ಬಳಸದೆ ಬಿಟ್ಟು ಕಾಲು ಪಾಲಿನಲ್ಲಿ ಜೀವನ ಮಾಡುತ್ತಿದ್ದಾರೆ. ಇವರಿಗೆ ಹೊಸ ಪ್ಯಾಡಿಗಿಂತ ಖಾಲಿ ಮೈದಾನದಲ್ಲಿ ಒಂದು ಭಾನುವಾರದ ಅಭ್ಯಾಸ ಹೆಚ್ಚು ಉಪಕಾರ ಮಾಡುತ್ತದೆ. ಎಳೆದು ಹಿಡಿಯಬೇಡಿ, ಹಿಂಡಿ ಹಿಡಿಯಿರಿ. ಮೊದಲು ಮೆಲ್ಲಗೆ, ಭಾರ ಮುಂದಕ್ಕೆ ಬಂದ ಮೇಲೆ ಜೋರಾಗಿ.

ಮೂರನೆಯದರ ಬಣ್ಣ ಕಪ್ಪು, ಅಂಚು ಎಣ್ಣೆಯಲ್ಲಿ ನೆಂದಂತಿದೆ. ಪದರದಲ್ಲಿ ಇನ್ನೂ ಮುಕ್ಕಾಲು ಉಳಿದಿತ್ತು, ಆದರೂ ಎಸೆಯಬೇಕಾಯಿತು. ಕಾರಣ ಗೊತ್ತಾ? ವಾಟರ್ ಸರ್ವೀಸ್. ನೀರು ಹೊಡೆದ ಮೇಲೆ ಹೊಳಪಿಗೆ ಅಂತ ಡೀಸೆಲ್ ಸ್ಪ್ರೇ ಮಾಡುತ್ತಾರಲ್ಲ, ಅದು ಡಿಸ್ಕಿನ ಮೇಲೂ ಬೀಳುತ್ತದೆ. ಚೈನಿಗೆ ಹೊಡೆಯುವ ಸ್ಪ್ರೇಯೂ ಹಿಂದಿನ ಡಿಸ್ಕಿಗೆ ಹಾರುತ್ತದೆ. ಆರ್ಗ್ಯಾನಿಕ್ ಪ್ಯಾಡ್ ಎಣ್ಣೆ ಕುಡಿದರೆ ಮುಗಿಯಿತು. ಬೆಂಕಿಯಲ್ಲಿ ಸುಟ್ಟು ಎಣ್ಣೆ ತೆಗೆಯುವ ವಿದ್ಯೆ ಕೆಲವರಿಗೆ ಗೊತ್ತು. ದಯವಿಟ್ಟು ಬೇಡ, ಅಂಟೂ ಸುಟ್ಟುಹೋಗುತ್ತದೆ. ಮುಂಭಾಗದಲ್ಲಿ ಇದೇ ಕಪ್ಪು ಒದ್ದೆ ಕಂಡರೆ ಫೋರ್ಕಿನ ಆಯಿಲ್ ಸೀಲ್ ನೋಡಿ. ಅಲ್ಲಿಂದ ಸೋರಿದ್ದು ಕೆಳಗೆ ಕ್ಯಾಲಿಪರಿಗೇ ಬರುತ್ತದೆ.

ಇದು ಕೊನೆಯದು. ಎರಡೂ ಪ್ಯಾಡ್ ಸಮವಾಗಿ ಸವೆದಿವೆ, ಮುಖ ಮಂಕಾಗಿ ಬೂದು ಬಣ್ಣಕ್ಕಿದೆ, ಒಡಕಿಲ್ಲ, ಹೊಳಪಿಲ್ಲ. ಇದರ ಮಾಲೀಕರಿಗೆ ನಾನು ಏನು ಸಲಹೆ ಕೊಟ್ಟೆ ಗೊತ್ತೇ? ಇದೇ ಜಾತಿಯದನ್ನೇ ಮತ್ತೆ ಹಾಕಿ, ಏನನ್ನೂ ಬದಲಿಸಬೇಡಿ. ಅವರಿಗೆ ಸ್ವಲ್ಪ ನಿರಾಸೆಯಾಯಿತು, ಏನೋ ವಿಶೇಷ ಕೊಡುತ್ತೇನೆ ಅಂದುಕೊಂಡಿದ್ದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಊರೊಳಗೆ ಕೆಲಸಕ್ಕೆ ಹೋಗಿ ಬರುವ 100ರಿಂದ 160 ಸಿಸಿ ಬೈಕ್, ಸ್ಕೂಟರುಗಳಿಗೆ ಬೈಕ್ ಕಂಪನಿಯವರೇ ಕೊಡುವ ಪ್ಯಾಡ್ ಸಾಕು. ಅವರು ಆ ಡಿಸ್ಕಿಗೆ, ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಆ ಮಾಸ್ಟರ್ ಸಿಲಿಂಡರಿಗೆ, ಆ ತೂಕಕ್ಕೆ ಹೊಂದಿಸಿ ಆರಿಸಿರುತ್ತಾರೆ. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಬೈಕಿನಲ್ಲಿ ಇದು ಇನ್ನೂ ಮುಖ್ಯ. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲದಕ್ಕೂ, 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್, ಅಂದರೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಂಚಿ ಹಿಡಿಯುವ ವ್ಯವಸ್ಥೆ ಬಂತು. ಸಿಬಿಎಸ್ಸಿನಲ್ಲಿ ಮುಂದೆ ಹಿಂದೆ ಎಷ್ಟೆಷ್ಟು ಪಾಲು ಅಂತ ಕಂಪನಿ ಲೆಕ್ಕ ಹಾಕಿರುತ್ತದೆ. ಒಂದು ಕಡೆ ಮಾತ್ರ ಬಲವಾದ ಪ್ಯಾಡ್ ಹಾಕಿದರೆ ಆ ಪಾಲು ಏರುಪೇರಾಗುತ್ತದೆ.

ವಾರಕ್ಕೊಮ್ಮೆ ಇಬ್ಬರು ಕೂತು ಘಾಟಿ ಹತ್ತಿ ಇಳಿಯುವವರು, ಜೋರು ಮಳೆಯಲ್ಲೇ ಓಡಿಸಬೇಕಾದವರು, 350 ಸಿಸಿ ಮೇಲಿನ ಭಾರದ ಬೈಕಿನವರು ಮುಂದಿನ ಬ್ರೇಕಿಗೆ ಸಿಂಟರ್ಡ್ ಯೋಚಿಸಬಹುದು. ಕೆಲವು ಬೈಕುಗಳಿಗೆ ಶೋರೂಮಿನಲ್ಲೇ ಸಿಂಟರ್ಡ್ ಇರುತ್ತದೆ, ಮೊದಲು ಅದನ್ನು ತಿಳಿದುಕೊಳ್ಳಿ. ಅಂಥ ಬೈಕಿಗೆ ಅಗ್ಗ ಅಂತ ಆರ್ಗ್ಯಾನಿಕ್ ಹಾಕಿದರೆ ಘಾಟಿಯಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಹಿಂದಿನ ಬ್ರೇಕಿಗೆ ನಾನು ಯಾರಿಗೂ ಸಿಂಟರ್ಡ್ ಹೇಳುವುದಿಲ್ಲ, ಕಂಪನಿಯೇ ಅದನ್ನು ಕೊಟ್ಟಿದ್ದರೆ ಮಾತ್ರ ಬೇರೆ. ಹಿಂದಿನ ಚಕ್ರ ಮೊದಲೇ ಹಗುರ, ಎಬಿಎಸ್ ಇಲ್ಲದಿದ್ದರೆ ಬೇಗ ಲಾಕ್ ಆಗಿ ಜಾರುತ್ತದೆ. ಅಲ್ಲಿ ಮೆಲ್ಲಗೆ ಹಿಡಿಯುವ ಪ್ಯಾಡೇ ಚೆನ್ನ.

ಸಿಂಟರ್ಡಿಗೆ ಹೋಗುವ ಮುಂಚೆ ಡಿಸ್ಕ್ ಮೇಲಿನ ಬರಹ ಓದಿ. ಇಷ್ಟು ಮಿಲಿಮೀಟರಿಗಿಂತ ತೆಳುವಾಗಬಾರದು ಅಂತ ಅದರ ಮೇಲೇ ಕೊರೆದಿರುತ್ತಾರೆ. ಗ್ಯಾರೇಜಿನಲ್ಲಿ ಅಳೆಸಿ. ಆ ಗಡಿ ಮುಟ್ಟಿದ ಡಿಸ್ಕಿಗೆ ಯಾವ ಪ್ಯಾಡೂ ಬೇಡ, ಡಿಸ್ಕೇ ಬೇಕು.

ಕೊಳ್ಳುವಾಗ ಬೈಕಿನ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಹೆಸರಿನ ಬೈಕಿಗೆ ಎಬಿಎಸ್ ಇರುವ ವರ್ಷದಲ್ಲಿ ಒಂದು ಕ್ಯಾಲಿಪರ್, ಇಲ್ಲದ ವರ್ಷದಲ್ಲಿ ಇನ್ನೊಂದು ಇರಬಹುದು. ಹಳೇ ಪ್ಯಾಡ್ ಪಕ್ಕದಲ್ಲಿಟ್ಟು ಆಕಾರ, ಕಿವಿ, ತೂತು, ದಪ್ಪ ಹೋಲಿಸಿ. ಜೊತೆಯ ಎರಡು ಪ್ಯಾಡುಗಳ ಆಕಾರ ಬೇರೆ ಬೇರೆ ಇರುವುದೂ ಉಂಟು, ಅದು ತಪ್ಪಲ್ಲ. ಡೂಪ್ಲಿಕೇಟಿನ ಕಾಟ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ನಮ್ಮ ಬೀದಿಯ ತುದಿಯ ಅಂಗಡಿಯವರೆಗೆ ಎಲ್ಲ ಕಡೆ ಇದೆ. ಒಳ್ಳೆಯ ಮಾಲು ಮಾರುವವರೂ ಅದೇ ಬೀದಿಯಲ್ಲಿದ್ದಾರೆ. ಡಬ್ಬಿಯ ಮೇಲೆ ತಯಾರಿಸಿದ ತಿಂಗಳು, ಎಂಆರ್‌ಪಿ, ಪಾರ್ಟ್ ನಂಬರ್ ಇರಬೇಕು. ಪ್ಯಾಡಿನ ತಗಡಿನ ಮೇಲೆ ಬ್ಯಾಚ್ ನಂಬರ್ ಒತ್ತಿರಬೇಕು. ಪದರದ ಅಂಚು ಉದುರುತ್ತಿದ್ದರೆ, ತಗಡು ಸೊಟ್ಟಗಿದ್ದರೆ ಬಿಲ್ ಮಾಡಿಸುವ ಮೊದಲೇ ವಾಪಸ್ ಕೊಡಿ. ಬಿಲ್ ಕೊಡಲ್ಲ ಅನ್ನುವ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಬೇಡಿ. ಮಿರರ್ ಬೇಕಾದರೆ ಕೊಳ್ಳಿ.

ಜೋಡಿಸುವುದರ ಬಗ್ಗೆ ಪೂರ್ತಿ ಪಾಠ ಮಾಡುವುದಿಲ್ಲ, ಮೂರು ವಿಷಯ ಮಾತ್ರ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ ಹಿಂದಕ್ಕೆ ತಳ್ಳಬೇಕಾಗುತ್ತದೆ. ತಳ್ಳುವ ಮೊದಲು ಅದರ ಸುತ್ತ ಮೆತ್ತಿದ ಕೊಳೆ ಒರೆಸಿ, ಇಲ್ಲದಿದ್ದರೆ ಆ ಕೊಳೆ ಸೀಲಿನೊಳಗೆ ಹೋಗುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕಬಹುದು. ಪೇಂಟಿನ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ. ಎರಡನೆಯದು, ಎಲ್ಲ ಜೋಡಿಸಿದ ಮೇಲೆ ಬೈಕ್ ಸ್ಟ್ಯಾಂಡಿನಲ್ಲಿ ಇರುವಾಗಲೇ ಲಿವರ್ ಗಟ್ಟಿಯಾಗುವವರೆಗೆ ಹಿಂಡಿ ಹಿಂಡಿ ಬಿಡಿ. ಇದನ್ನು ಮರೆತು ಗ್ಯಾರೇಜಿನಿಂದ ಹೊರಟರೆ ಮೊದಲ ತಿರುವಿನಲ್ಲಿ ಲಿವರ್ ಹ್ಯಾಂಡಲಿಗೆ ಅಂಟುತ್ತದೆ, ಬ್ರೇಕ್ ಇರುವುದಿಲ್ಲ. ಮೂರನೆಯದು, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಖಾಲಿ ರಸ್ತೆಯಲ್ಲಿ 50ರ ವೇಗದಿಂದ ಹತ್ತರವರೆಗೆ ಸಾಧಾರಣ ಒತ್ತಡದಲ್ಲಿ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಿ ಹಿಡಿದುಕೊಳ್ಳಬೇಡಿ, ನಡುನಡುವೆ ತಣಿಯಲು ಬಿಡಿ. ಆಮೇಲೂ ಮೊದಲ ಇನ್ನೂರು ಕಿಲೋಮೀಟರ್ ಜಾಗ್ರತೆ. ಶುಕ್ರವಾರ ಸಂಜೆ ಪ್ಯಾಡ್ ಹಾಕಿಸಿ ಶನಿವಾರ ಬೆಳಿಗ್ಗೆ ಚಾರ್ಮಾಡಿ ಇಳಿಯುವ ಕಾರ್ಯಕ್ರಮ ಬೇಡ.

ಬ್ರೇಕ್ ಆಯಿಲಿಗೆ ಬರುತ್ತೇನೆ ಅಂದಿದ್ದೆ. ನಮ್ಮ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಡಾಟ್ 4 ಅನ್ನುವ ದರ್ಜೆಯ ಆಯಿಲ್. ಮುಚ್ಚಳದ ಮೇಲೇ ಬರೆದಿರುತ್ತದೆ. ಅದು ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಕೊನೆಯ ತಿರುವುಗಳಲ್ಲಿ ಆಯಿಲ್ ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಪಿಸ್ಟನ್ ಅಲುಗುವುದಿಲ್ಲ. ಫೇಡಿಗೂ ಇದಕ್ಕೂ ಗುರುತು ಬೇರೆ. ಫೇಡಿನಲ್ಲಿ ಲಿವರ್ ಗಟ್ಟಿ, ಹಿಡಿತ ಇಲ್ಲ. ಇದರಲ್ಲಿ ಲಿವರೇ ಸ್ಪಂಜಿನಂತೆ ಮೆತ್ತಗೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. "ಮುಂದಿನ ಬ್ರೇಕ್ ಸರಿ ಹಿಡಿಯಲ್ಲ, ಒಳ್ಳೇ ಪ್ಯಾಡ್ ಕೊಡಿ" ಅಂತ ಬಂದವರಲ್ಲಿ ಎಷ್ಟೋ ಜನರ ಸಮಸ್ಯೆ ಬರೀ ಆಯಿಲ್ ಬದಲಿಸಿದ್ದಕ್ಕೇ ಮುಗಿದಿದೆ.

ಪ್ರಶ್ನೆಗಳಲ್ಲಿ ಕೆಲವು.

ದುಬಾರಿ ಪ್ಯಾಡ್ ಹಾಕಿದರೆ ಬೈಕ್ ಎಷ್ಟು ಬೇಗ ನಿಲ್ಲುತ್ತದೆ ಅಂತ ಒಬ್ಬ ಹುಡುಗ ಕೇಳಿದ. ಅವನಿಗೆ ನಾನು ಕೇಳಿದ್ದು ಇಷ್ಟು. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದಾಗ ಎಬಿಎಸ್ ಕೆಲಸ ಮಾಡುತ್ತದಾ? ಮಾಡುತ್ತದೆ ಅಂದ. ಹಾಗಾದರೆ ಪ್ಯಾಡಿಗೆ ಟೈರನ್ನು ಜಾರಿಸುವಷ್ಟು ಶಕ್ತಿ ಈಗಾಗಲೇ ಇದೆ. ಇನ್ನೂ ಬಲವಾದ ಪ್ಯಾಡ್ ಹಾಕಿದರೆ ಬೆರಳಿಗೆ ಶ್ರಮ ಕಮ್ಮಿಯಾಗಬಹುದು, ನಿಲ್ಲುವ ದೂರ ಕಮ್ಮಿಯಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಟೈರು ಮತ್ತು ರಸ್ತೆ. 80ರ ವೇಗದಲ್ಲಿ ಒಳ್ಳೆಯ ಟೈರಿನ ಬೈಕ್ ಒಣ ರಸ್ತೆಯಲ್ಲಿ ಮೂವತ್ತು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ನೋಡಿ, ಗಾಬರಿಯಾಗಿ, ಲಿವರ್ ಹಿಡಿಯುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಹೋಗಿರುತ್ತದೆ. ಹುಡುಗನ ಹಿಂದಿನ ಟೈರ್ ಬೋಳಾಗಿತ್ತು. ಆ ದುಡ್ಡು ಅಲ್ಲಿಗೆ ಹಾಕು ಮಾರಾಯ ಅಂದೆ.

ಹೊಳೆಯುವ ಪ್ಯಾಡನ್ನು ನೆಲಕ್ಕೆ ಉಜ್ಜಿ ಮತ್ತೆ ಹಾಕಬಹುದಾ ಅಂತ ಇನ್ನೊಬ್ಬರು. ಪದರ ಸಾಕಷ್ಟು ಉಳಿದಿದ್ದರೆ, ಒಡಕಿಲ್ಲದಿದ್ದರೆ, ಒಂದು ಸಲ ಮಾಡಬಹುದು. ನೆಲ ಬೇಡ, ಸಮತಟ್ಟಾದ ಗಾಜಿನ ಮೇಲೆ ಉಪ್ಪು ಕಾಗದ ಇಟ್ಟು, ಸ್ವಲ್ಪ ನೀರು ಹಾಕಿ ಉಜ್ಜಿ, ಆಮೇಲೆ ಚೆನ್ನಾಗಿ ಒಣಗಿಸಿ ಹಾಕಿ. ಎರಡನೇ ಸಲವೂ ಹೊಳಪು ಬಂದರೆ ಕಾರಣ ಬೇರೆ ಇದೆ.

ಕೀಚ್ ಅನ್ನುವ ಸದ್ದಿನ ಬಗ್ಗೆ ಮೂರು ನಾಲ್ಕು ಜನ ಕೇಳಿದರು. ಬೆಳಗಿನ ಹೊತ್ತು, ಒದ್ದೆಯಲ್ಲಿ, ಮೊದಲ ಒಂದೆರಡು ಸಲ ಬರುವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಸದಾ ಬರುತ್ತಿದ್ದರೆ ಪ್ಯಾಡಿನ ಹಿಂದಿನ ತೆಳು ತಗಡನ್ನು ಮೆಕ್ಯಾನಿಕ್ ಹಾಕಲು ಮರೆತರೋ ಅಂತ ನೋಡಿ. ಹಳೇದರ ಬೆನ್ನಿಗೆ ಅಂಟಿಕೊಂಡಿದ್ದು ಅದರ ಜೊತೆಗೇ ಕಸಕ್ಕೆ ಹೋಗಿರುತ್ತದೆ. ಲೋಹ ಲೋಹಕ್ಕೆ ಉಜ್ಜುವ ಗರಗರ ಸದ್ದು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಪದರ ಮುಗಿದಿದೆ, ತಗಡು ಡಿಸ್ಕನ್ನು ತಿನ್ನುತ್ತಿದೆ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದಕ್ಕೆ ಕಿಲೋಮೀಟರಿನಲ್ಲಿ ಉತ್ತರ ಇಲ್ಲ. ಒಂದೇ ಬೈಕಿನಲ್ಲಿ ಒಬ್ಬರಿಗೆ ಎಂಟು ಸಾವಿರಕ್ಕೆ ಮುಗಿಯುತ್ತದೆ, ಇನ್ನೊಬ್ಬರಿಗೆ ಇಪ್ಪತ್ತೈದು ಸಾವಿರ ಬರುತ್ತದೆ. ಪದರದ ನಡುವೆ ಒಂದು ಗೀರು ಇರುತ್ತದೆ, ಅದು ಮಾಸುವ ಹೊತ್ತಿಗೆ ಬದಲಿಸಿ. ಗೀರಿಲ್ಲದಿದ್ದರೆ ಎರಡು ಮಿಲಿಮೀಟರ್ ಉಳಿದಾಗ. ಜೊತೆಯಲ್ಲಿ ಒಂದನ್ನೇ ಬದಲಿಸಬೇಡಿ, ಎರಡನ್ನೂ ಬದಲಿಸಿ.

ಕೊನೆಯಲ್ಲಿ ಒಬ್ಬ ಮೇಡಂ ತಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಕೇಳಿದರು. ಎರಡು ವರ್ಷವಾದರೂ ಪ್ಯಾಡ್ ಸವೆದೇ ಇಲ್ಲ, ಇದು ಸರಿಯಾ ಅಂತ. ಸರಿಯೇ. ಆ್ಯಕ್ಸಿಲರೇಟರ್ ಬಿಟ್ಟಾಗ ಮೋಟರೇ ಸ್ಕೂಟರನ್ನು ನಿಧಾನ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ಕಳಿಸುತ್ತದೆ, ಹಾಗಾಗಿ ಪ್ಯಾಡಿಗೆ ಕೆಲಸ ಕಮ್ಮಿ. ಆದರೆ ಕೆಲಸವಿಲ್ಲದ ಬ್ರೇಕಿಗೂ ಕಾಯಿಲೆ ಬರುತ್ತದೆ. ಪಿನ್ ಕೂತುಬಿಡುತ್ತದೆ, ಡಿಸ್ಕಿನ ಮೇಲೆ ಕೊಳೆ ಕಟ್ಟುತ್ತದೆ, ಪ್ಯಾಡ್ ಹೊಳಪು ಹಿಡಿಯುತ್ತದೆ. ವಾರಕ್ಕೊಂದೆರಡು ಸಲ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ ಅಂದೆ. ಬ್ರೇಕ್ ಆಯಿಲಿನ ಎರಡು ವರ್ಷದ ಲೆಕ್ಕ ಅವರ ಸ್ಕೂಟರಿಗೂ ಅನ್ವಯಿಸುತ್ತದೆ, ಓಡಿಸಿದರೂ ಓಡಿಸದಿದ್ದರೂ. ಸರ್ವೀಸಿನಲ್ಲಿ ಯಾರೂ ಅದನ್ನು ಹೇಳಿರಲಿಲ್ಲವಂತೆ.